ಜಾಹೀರಾತು ಬರುವ ತನಕ ಕಾಯುವ ಮಾತು

ಉತ್ತರ ಕರ್ನಾಟಕದ ಹಳ್ಳಿಗಳಿಗೆ 1975ರಲ್ಲಿ ಟೀವಿ ಬಂದಾಗ ಅದು ಯಾರೊಬ್ಬರ ಮನೆಗೂ ಬರಲಿಲ್ಲ, ಇಡೀ ಊರಿಗೆ ಬಂತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ನಮ್ಮ ದೇಶ ನಡೆಸಿದ ‘ಸೈಟ್’ ಎಂಬ ಒಂದು ವರ್ಷದ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಊರಿಗೆಲ್ಲ ಸೇರಿದ ಟೀವಿಯ ಮುಂದೆ ಜನ ಒಟ್ಟಿಗೆ ಕೂರುತ್ತಿದ್ದರು. 1987ರಲ್ಲಿ ‘ರಾಮಾಯಣ’ ಧಾರಾವಾಹಿ ಶುರುವಾದಾಗಲೂ ಟೀವಿ ಇದ್ದವರ ಮನೆಯಲ್ಲಿ ಅಕ್ಕಪಕ್ಕದವರು ಸೇರುತ್ತಿದ್ದರು. ನೋಡಿದ್ದರ ಬಗ್ಗೆ ಆಮೇಲೆ ಜಗಲಿಯಲ್ಲಿ ಮಾತುಕತೆ ನಡೆಯುತ್ತಿತ್ತು.

ಈಗ ಮನೆಮನೆಯಲ್ಲೂ ಟೀವಿ ಇದೆ, ಅಂಗೈಯಲ್ಲಿ ಇನ್ನೊಂದು ಪರದೆ. ಆದ್ದರಿಂದ ಟೀವಿ ಒಳ್ಳೆಯದೋ ಕೆಟ್ಟದ್ದೋ ಎಂದು ವಾದಿಸಿ ಫಲವಿಲ್ಲ. ಅದು ಯಾವುದರ ಜಾಗದಲ್ಲಿ ಬಂದು ಕೂತಿದೆ ಎಂದು ನೋಡಬೇಕು.

ಕೆನಡಾದ ಕಣಿವೆಯೊಂದರ ಊರಿಗೆ 1973ರವರೆಗೂ ಟೀವಿ ಸಂಕೇತ ತಲುಪುತ್ತಿರಲಿಲ್ಲ. ಸಂಶೋಧಕರು ಟೀವಿ ಬರುವ ಮುಂಚೆ ಒಮ್ಮೆ, ಎರಡು ವರ್ಷದ ನಂತರ ಮತ್ತೊಮ್ಮೆ ಅಲ್ಲಿನ ಜನಜೀವನವನ್ನು ಅಭ್ಯಸಿಸಿದರು. ಕ್ಲಬ್ಬು, ಆಟ, ಸಭೆ ಸಮಾರಂಭಗಳಿಗೆ ಜನ ಬರುವುದು ಕಡಿಮೆಯಾಗಿತ್ತು.

ಅಮೆರಿಕದಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳ ಉಡುಪಿನಲ್ಲಿ ಪುಟ್ಟ ಧ್ವನಿಮುದ್ರಕ ಇಟ್ಟು ನಡೆಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಟೀವಿಯ ಸದ್ದು ಕೇಳಿಸಿದ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬಿದ್ದ ದೊಡ್ಡವರ ಮಾತಿನಲ್ಲಿ ಸುಮಾರು 770 ಪದ ಕಡಿಮೆಯಿತ್ತು. ಮಗುವಿನ ಮಾತೂ ತಗ್ಗಿತ್ತು. ಇವೆರಡರ ನಡುವೆ ಕಂಡದ್ದು ಸಂಬಂಧ ಮಾತ್ರ, ಅದೇ ಕಾರಣವೆಂದು ಇಷ್ಟರಿಂದ ಸಿದ್ಧವಾಗುವುದಿಲ್ಲ. ಆದರೂ ತಂದೆತಾಯಂದಿರು ಯೋಚಿಸಬೇಕಾದ ಸಂಗತಿ. ಏಕೆಂದರೆ ಮಗು ಭಾಷೆ ಕಲಿಯುವುದು ತನ್ನತ್ತ ತಿರುಗಿ ಮಾತನಾಡುವವರಿಂದ.

ಬೆಳೆದ ಮಕ್ಕಳ ವಿಷಯವೂ ಇದಕ್ಕೆ ದೂರವಲ್ಲ. ‘ಶಾಲೆಯಲ್ಲಿ ಏನಾಯಿತು?’ ಎಂದರೆ ಎಂಟನೇ ತರಗತಿಯ ಹುಡುಗ ಮೊದಲು ಹೇಳುವುದು ‘ಏನಿಲ್ಲ’ ಎಂದೇ. ಎರಡನೇ ಸಲ ಕೇಳಿದರೆ ಗೆಳೆಯನೊಡನೆ ಮಾತು ಬಿಟ್ಟದ್ದೋ ಗಣಿತದ ಭಯವೋ ಹೊರಬಂದೀತು. ಆ ಎರಡನೇ ಪ್ರಶ್ನೆಯನ್ನೇ ಧಾರಾವಾಹಿ ನುಂಗಿಬಿಡುತ್ತದೆ. ‘ಜಾಹೀರಾತು ಬರಲಿ, ಹೇಳುವಿಯಂತೆ’ ಎಂದರೆ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ದುಃಖವೇ ಅದು?

ವಿದ್ಯಾರ್ಥಿಗಳೇ, ನೀವೇ ಒಂದು ಪ್ರಯೋಗ ಮಾಡಿ ನೋಡಿ. ಮೂರು ದಿನ ಎಂದಿನಂತೆ ಊಟ ಮಾಡಿ. ಮುಂದಿನ ಮೂರು ದಿನ ಊಟದ ವೇಳೆ ಟೀವಿ, ಮೊಬೈಲ್ ಎರಡನ್ನೂ ಆರಿಸಿಡಿ. ಅಪ್ಪ ಅಮ್ಮನ ಮೊಬೈಲಿಗೂ ಇದೇ ನಿಯಮ. ಯಾರು ಯಾರಿಗೆ ಎಷ್ಟು ಪ್ರಶ್ನೆ ಕೇಳಿದರು, ಎಷ್ಟಕ್ಕೆ ಪೂರ್ತಿ ಉತ್ತರ ಸಿಕ್ಕಿತು ಎಂದು ದಿನವೂ ಬರೆದಿಡಿ. ಅಜ್ಜಿಯ ಪ್ರಶ್ನೆಗಳನ್ನು ಬಿಡಬೇಡಿ. ಏಳನೇ ದಿನ ಎಲ್ಲರೂ ಕೂತು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿ. ಮಾತಿಗೆ ವಿಷಯವಿಲ್ಲ ಎನ್ನುವ ಮನೆಗೂ ಅಂದು ವಿಷಯ ಸಿಕ್ಕಿರುತ್ತದೆ.