ಫೈಲಿಗೂ ಒಂದು ವಿಳಾಸ

ಪರವೂರಿನ ನೆಂಟರೊಬ್ಬರು ಬಸ್ಸಿಳಿದು ನಿಮ್ಮ ಮನೆಯ ದಾರಿ ಕೇಳುತ್ತಾರೆಂದು ಭಾವಿಸಿ. "ಬಲಕ್ಕೆ ತಿರುಗಿ, ಮೂರನೆಯ ಮನೆ" ಎಂದು ಯಾರೋ ಹೇಳುತ್ತಾರೆ. ಮಾತೇನೋ ಸರಿಯೇ. ಆದರೆ ಹೇಳಿದಾತ ನಿಂತ ಮೂಲೆಯಿಂದಲೇ ಹೊರಟರೆ ಮಾತ್ರ ಅದು ಸರಿ. ಮುಂದಿನ ಅಡ್ಡರಸ್ತೆಯಿಂದ ಹೊರಟರೆ ನೆಂಟರು ಮತ್ತಾರದೋ ಜಗಲಿಯ ಮೇಲೆ ಕುಳಿತಿರುತ್ತಾರೆ! ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ನಿಮ್ಮನ್ನೋ ನಿಮ್ಮ ಮಕ್ಕಳನ್ನೋ ಮೊದಮೊದಲು ದಿಕ್ಕುಗೆಡಿಸುವ ತೊಡಕೊಂದು ಇದೇ ಬಗೆಯದು.

ಕಂಪ್ಯೂಟರಿನಲ್ಲಿ ಫೈಲುಗಳು ಫೋಲ್ಡರುಗಳಲ್ಲಿರುತ್ತವೆ; ಒಂದು ಫೋಲ್ಡರಿನೊಳಗೆ ಮತ್ತೊಂದಿರುವುದೂ ಉಂಟು. ಅಮೆರಿಕದಲ್ಲಿ 1960ರ ದಶಕದಲ್ಲಿ ರೂಪುಗೊಂಡ ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲಿ ಈ ಏರ್ಪಾಡಿತ್ತು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯುನಿಕ್ಸ್ ಅದನ್ನು ಮುಂದುವರಿಸಿತು. ಯುನಿಕ್ಸ್ ರೀತಿಯಲ್ಲಿ ಒಂದು ಫೈಲಿನ ಪೂರ್ಣ ವಿಳಾಸ ಹೀಗಿರಬಹುದು: /ಮನೆ/ಅಂಗಡಿ/ಲೆಕ್ಕ. ಕಾಗದದ ಮೇಲೆ ನಾವು ಮನೆಯ ನಂಬರನ್ನು ಮೊದಲು, ಊರನ್ನು ಕೊನೆಗೆ ಬರೆಯುತ್ತೇವೆ. ಇಲ್ಲಿ ಊರು ಮೊದಲು, ಮನೆ ಕೊನೆಗೆ. ಮೊದಲ ಓರೆಗೆರೆಯೇ ಎಲ್ಲಕ್ಕೂ ಬೇರು.

ವಿಂಡೋಸಿನಲ್ಲಿ ಗೆರೆ ಹಿಮ್ಮುಖವಾಗಿ, \ ಎಂದು ವಾಲುತ್ತದೆ. ಅದರ ಪೂರ್ವಜನಾದ ಎಂಎಸ್-ಡಾಸ್‌ಗೆ 1983ರಲ್ಲಿ ಫೋಲ್ಡರುಗಳು ಬಂದಾಗ, / ಚಿಹ್ನೆಯನ್ನು ಆಜ್ಞೆಗಳ ಜೊತೆಗೆ ಬೇರೆ ಕೆಲಸಕ್ಕೆ ಆಗಲೇ ಬಳಸುತ್ತಿದ್ದುದೇ ಇದಕ್ಕೆ ಕಾರಣ. ಪೈಥಾನ್ ಮುಂತಾದ ಭಾಷೆಗಳಲ್ಲಿ \ ಗೆ ವಿಶೇಷಾರ್ಥವಿರುವುದರಿಂದ ವಿಳಾಸ ಕೆಡಬಹುದು. ಪ್ರೋಗ್ರಾಮಿನಲ್ಲಿ / ಬರೆದರೆ ಸಾಮಾನ್ಯವಾಗಿ ವಿಂಡೋಸ್ ಕೂಡ ಒಪ್ಪುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಪ್ರೋಗ್ರಾಮಿನಲ್ಲಿ ಬರಿದೇ "ಲೆಕ್ಕ" ಎಂದು ಬರೆದರೆ ಅದು "ಬಲಕ್ಕೆ ಮೂರನೆಯ ಮನೆ" ಎಂದಂತೆ. ಎಲ್ಲಿಂದ ಬಲಕ್ಕೆ? ಪ್ರೋಗ್ರಾಮನ್ನು ಬರೆದಿಟ್ಟ ಫೋಲ್ಡರಿನಿಂದ ಎಂದು ಹೊಸಬರು ನಂಬುತ್ತಾರೆ. ಹಾಗಲ್ಲ, ಪ್ರೋಗ್ರಾಮು ಓಡುವಾಗ ಯಾವ ಫೋಲ್ಡರನ್ನು "ಸದ್ಯದ ಜಾಗ" ಎಂದು ಹಿಡಿದಿದೆಯೋ ಅಲ್ಲಿಂದ. ಆದುದರಿಂದಲೇ ನಿನ್ನೆ ನಡೆದ ಪ್ರೋಗ್ರಾಮು, ಒಂದಕ್ಷರ ಬದಲಾಗದಿದ್ದರೂ, ಇಂದು "ಅಂಥ ಫೈಲಿಲ್ಲ" ಎನ್ನುತ್ತದೆ.

ಹಾಗೆ ದೂರಿದರೆ ಪುಣ್ಯ. ಓದಲು ಹೋಗಿ ದಾರಿ ತಪ್ಪಿದರೆ ಯಂತ್ರ ಕೂಗಿ ಹೇಳುತ್ತದೆ. ಬರೆಯಲು ಹೋಗಿ ತಪ್ಪಿದರೆ ಅನೇಕ ವೇಳೆ ಸುಮ್ಮನಿರುತ್ತದೆ. ಮಗನೊಬ್ಬ ತಾಯಿಯ ಅಂಗಡಿಗೆ ಲೆಕ್ಕದ ಪ್ರೋಗ್ರಾಮು ಬರೆದನೆನ್ನಿ. ತಪ್ಪು ಜಾಗದಲ್ಲಿ ಹೊಸ "ಲೆಕ್ಕ" ಹುಟ್ಟಿಕೊಂಡು ಇಂದಿನ ವ್ಯಾಪಾರವೆಲ್ಲ ಅದರಲ್ಲಿ ಸೇರುತ್ತದೆ. ತಾಯಿ ಹಳೆಯ ಪುಸ್ತಕವನ್ನೇ ನೋಡುತ್ತಿರುತ್ತಾಳೆ. ಅಲ್ಲಿ ಅದೇ ಹೆಸರಿನ ಬೇರೆ ಫೈಲಿದ್ದು, ಹೊಸದಾಗಿ ಬರೆಯೆಂದು ಅಪ್ಪಣೆಯಾಗಿದ್ದರೆ, ಹಳೆಯದು ಕೇಳದೆಯೇ ಅಳಿಸಿಹೋಗುತ್ತದೆ.

ಉಪಾಯ ಕಷ್ಟವಿಲ್ಲ. "ನಾನೀಗ ಎಲ್ಲಿದ್ದೇನೆ?" ಎಂದು ಮೊದಲು ಯಂತ್ರವನ್ನು ಕೇಳಿ. ಯುನಿಕ್ಸ್ ವಂಶದ ಯಂತ್ರಗಳಲ್ಲಿ ಇದಕ್ಕಿರುವ ಆಜ್ಞೆ ಪಿಡಬ್ಲ್ಯೂಡಿ. ನಮ್ಮ ರಸ್ತೆ ಇಲಾಖೆಯ ಹೆಸರೇ ಆದ್ದರಿಂದ ಮರೆಯುವಂತಿಲ್ಲ. ನಿಮ್ಮ ಯಂತ್ರದ ಪೂರ್ಣ ವಿಳಾಸವನ್ನೇ ಬರೆದಿಡೋಣವೆಂದರೆ, ನೆರೆಯವರ ಯಂತ್ರದಲ್ಲಿ ಆ ಫೋಲ್ಡರುಗಳೇ ಇರಲಾರವು. ಪ್ರೋಗ್ರಾಮು ತಾನಿರುವ ಜಾಗವನ್ನು ತಾನೇ ತಿಳಿದು, ಅಲ್ಲಿಂದ ದಾರಿ ಕಟ್ಟಿಕೊಳ್ಳುವಂತೆ ಬರೆಯುವುದು ಮೇಲು. ಪೈಥಾನಿನಲ್ಲಿ 2014ರಿಂದ ಇರುವ ಪಾತ್‌ಲಿಬ್ ಇದಕ್ಕೆ ಒದಗುತ್ತದೆ.

ಫೈಲು ಸಿಗಲಿಲ್ಲವೆಂದು "ಈ ವಿದ್ಯೆ ನನಗೆ ಹತ್ತದು" ಎಂದು ಕೈಬಿಡಬೇಡಿ. ತಪ್ಪಿದ್ದು ಬುದ್ಧಿಯಲ್ಲ, ಹೊರಟ ಜಾಗ.