ಅಜ್ಜಿಯ ಮೊಣಕಾಲಿಗೆ ಡಬ್ಬಿಯ ಮಾತ್ರೆಯೋ, ಮನೆಯ ಊಟವೋ?

ನಾಟಿಯ ಹಂಗಾಮು ಬಂತೆಂದರೆ ದಢೇಸುಗೂರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಕೆಸರುಗದ್ದೆ. ಸೊಂಟ ಬಗ್ಗಿಸಿ ಸಾಲಾಗಿ ಭತ್ತದ ಸಸಿ ಹಚ್ಚುವ ಹೆಣ್ಣುಮಕ್ಕಳು. ಸಂಜೆ ಮನೆಗೆ ಬಂದ ಮೇಲೂ ವಿಶ್ರಾಂತಿಯಿಲ್ಲ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಪಾತ್ರೆ ತೊಳೆಯಬೇಕು, ರೊಟ್ಟಿ ಬಡಿಯಬೇಕು. ಹೀಗೆ ಮೂವತ್ತು ನಲವತ್ತು ವರ್ಷ ದುಡಿದ ಕಾಲುಗಳು ಅರವತ್ತು ದಾಟುತ್ತಲೇ ದೂರು ಹೇಳತೊಡಗುತ್ತವೆ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು.

‘ಯಾಕಜ್ಜಿ, ಮತ್ತ ಮೊಣಕಾಲು ಹಿಡೀತೇನು?’ ಎಂದು ಮೊಮ್ಮಗ ಕೇಳಿದರೆ ಬರುವ ಉತ್ತರ ಒಂದೇ: ‘ವಯಸ್ಸಾತಲ್ಲಪ, ಇನ್ನೇನಾಗತೈತಿ?’

ಈ ಉತ್ತರವನ್ನು ನಾವು ಒಪ್ಪಿಕೊಂಡು ಸುಮ್ಮನಾಗುತ್ತೇವೆ. ಇಲ್ಲವೇ ಸಿಂಧನೂರಿಗೆ ಹೋದಾಗ ಔಷಧಿ ಅಂಗಡಿಯಲ್ಲಿ ಕಂಡ ಬಣ್ಣದ ಡಬ್ಬಿಯೊಂದನ್ನು ತಂದುಕೊಡುತ್ತೇವೆ. ಎರಡೂ ಅವಸರದ ತೀರ್ಮಾನಗಳೇ. ಕೀಲುನೋವಿನಲ್ಲಿ ವಯಸ್ಸಿನ ಪಾಲೆಷ್ಟು, ಊಟದ ಪಾಲೆಷ್ಟು, ಕುಡಿಯುವ ನೀರಿನ ಪಾಲೆಷ್ಟು ಎಂದು ಮೊದಲು ನೋಡಬೇಡವೇ? ಮನೆಯಲ್ಲಿ ಓದು ಬಲ್ಲ ಹುಡುಗ ಹುಡುಗಿಯರಿದ್ದರೆ ಈ ಕೆಲಸ ಅವರದ್ದೇ.

ಸವೆಯುವುದು ಯಾವುದು?

ಮೊಣಕಾಲಿನಲ್ಲಿ ಎರಡು ಎಲುಬುಗಳು ಸೇರುವ ಜಾಗದಲ್ಲಿ ಮೃದ್ವಸ್ಥಿ ಎಂಬ ನುಣುಪಾದ ಹೊದಿಕೆಯಿದೆ. ಅದು ಎಲುಬಿಗೆ ಎಲುಬು ಉಜ್ಜದಂತೆ ಕಾಯುವ ಮೆತ್ತೆ. ವಯಸ್ಸು, ಹಳೆಯ ಪೆಟ್ಟು, ಮೈತೂಕ, ಮಂಡಿಯೂರಿ ಮಾಡುವ ದುಡಿಮೆ ಎಲ್ಲವೂ ಕೂಡಿ ಈ ಮೆತ್ತೆ ತೆಳುವಾಗುತ್ತದೆ. ಇದೇ ವೈದ್ಯರು ಹೇಳುವ ಆಸ್ಟಿಯೋ ಆರ್ಥ್ರೈಟಿಸ್. ಬೆಳಿಗ್ಗೆ ಎದ್ದಾಗ ಸ್ವಲ್ಪ ಹೊತ್ತು ಕಾಲು ಬಿಗಿ ಹಿಡಿದು ಆಮೇಲೆ ಸಡಿಲಾಗುವುದು, ಮೆಟ್ಟಿಲು ಹತ್ತಿ ಇಳಿಯುವಾಗ ನೋಯುವುದು ಇದರ ಗುರುತು.

ಮೈತೂಕದ ಲೆಕ್ಕ ಅಚ್ಚರಿಯದು. ಮೊಣಕಾಲು ನೋವಿನ, ದಪ್ಪ ಮೈಯ ಹಿರಿಯರನ್ನು ಪರೀಕ್ಷಿಸಿ ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಕಾರ, ಒಂದು ಕಿಲೋ ತೂಕ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ. ಐದು ಕಿಲೋ ಇಳಿಸಿದವರಿಗೆ ಹೆಜ್ಜೆಗೆ ಇಪ್ಪತ್ತು ಕಿಲೋ ಉಳಿತಾಯ! ಯಾವ ಡಬ್ಬಿಯೂ ಕೊಡದ ಲಾಭವಿದು. ಆದರೆ ಬಡಕಲು ಅಜ್ಜಿಗೆ ಈ ಮಾತು ಅನ್ವಯಿಸದು. ಆಕೆಗೆ ಬೇಕಾದ್ದು ತೂಕ ಇಳಿಸುವುದಲ್ಲ, ಮಾಂಸಖಂಡ ಉಳಿಸಿಕೊಳ್ಳುವುದು.

ಡಬ್ಬಿಯಲ್ಲಿ ಏನಿದೆ?

ಕೀಲುನೋವಿಗೆಂದು ಮಾರುವ ಡಬ್ಬಿಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ಗ್ಲುಕೋಸಮೈನ್ ಮತ್ತು ಕಾಂಡ್ರಾಯಿಟಿನ್. ಇವೆರಡೂ ಮೃದ್ವಸ್ಥಿಯಲ್ಲಿ ಸಹಜವಾಗಿಯೇ ಇರುವ ವಸ್ತುಗಳು. ಸವೆದದ್ದನ್ನು ನುಂಗಿದರೆ ತುಂಬಿಕೊಳ್ಳುತ್ತದೆ ಎಂಬ ತರ್ಕ ಕೇಳಲು ಚೆನ್ನ. ಆದರೆ ಪರೀಕ್ಷೆ ಏನು ಹೇಳುತ್ತದೆ?

ಅಮೆರಿಕದಲ್ಲಿ ಮೊಣಕಾಲು ನೋವಿನ 1583 ಜನರ ಮೇಲೆ ಆರು ತಿಂಗಳ ಕಾಲ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಕೆಲವರಿಗೆ ಈ ಎರಡರಲ್ಲಿ ಒಂದೊಂದು, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಔಷಧಿಯೇ ಇಲ್ಲದ ತೋರಿಕೆಯ ಮಾತ್ರೆ. ಎರಡನ್ನೂ ಸೇವಿಸಿದವರಲ್ಲಿ ನೂರಕ್ಕೆ ಸುಮಾರು 67 ಮಂದಿ ನೋವು ತಗ್ಗಿತೆಂದರು. ತೋರಿಕೆಯ ಮಾತ್ರೆ ತಿಂದವರಲ್ಲೂ ನೂರಕ್ಕೆ 60 ಮಂದಿ ಹಾಗೆಯೇ ಹೇಳಿದರು! ಇಷ್ಟು ಸಣ್ಣ ಅಂತರವನ್ನು ಔಷಧಿಯ ಗುಣವೆಂದು ಖಚಿತವಾಗಿ ಹೇಳಲಾಗದು. ತೀವ್ರ ನೋವಿನ ಒಂದು ಸಣ್ಣ ಗುಂಪಿಗೆ ಮಾತ್ರ ಎರಡೂ ಸೇರಿ ಸ್ವಲ್ಪ ಅನುಕೂಲವಾದಂತೆ ಕಂಡಿತು.

ಅರಿಶಿನದ ಸಾರವಾದ ಕರ್ಕ್ಯುಮಿನ್ ಮಾತ್ರೆಯಿಂದ ನೋವು ಸ್ವಲ್ಪ ತಗ್ಗುವುದೆಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಆದರೆ ಸಾರಿನಲ್ಲಿ ಹಾಕುವ ಚಿಟಿಕೆ ಅರಿಶಿನ ಬೇರೆ, ಭಟ್ಟಿ ಇಳಿಸಿದಂತೆ ಸಾಂದ್ರಗೊಳಿಸಿದ ಮಾತ್ರೆ ಬೇರೆ. ಅಂಥ ಮಾತ್ರೆಗಳಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

‘ಡಿ’ ಜೀವಸತ್ವದ ಕೊರತೆಯಿದ್ದರೆ ಎಲುಬು ನೋಯುತ್ತದೆ, ಸ್ನಾಯು ಸೋಲುತ್ತದೆ. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡರೆ ಅದನ್ನು ತುಂಬಲೇಬೇಕು. ಕೊರತೆಯಿಲ್ಲದವರಿಗೆ ಅದರಿಂದ ಮೊಣಕಾಲು ನೋವು ತಗ್ಗಿದ್ದು ದೊಡ್ಡ ಪ್ರಯೋಗಗಳಲ್ಲಿ ಕಂಡುಬಂದಿಲ್ಲ. ವಾರಕ್ಕೊಂದು ನುಂಗುವ 60,000 ಯೂನಿಟ್ಟಿನ ಗುಳಿಗೆಯನ್ನು ವೈದ್ಯರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಬೇಕು. ವರ್ಷಗಟ್ಟಲೆ ಮುಂದುವರಿಸಿದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಮೂತ್ರಪಿಂಡಕ್ಕೆ ಕುತ್ತು.

ವಿದ್ಯಾರ್ಥಿಗಳೇ, ಮನೆಯಲ್ಲಿರುವ ಡಬ್ಬಿಯ ಚೀಟಿಯನ್ನು ಒಮ್ಮೆ ಓದಿ. ಆರೋಗ್ಯ ಪೂರಕಗಳ ಮೇಲೆ ‘ಔಷಧೀಯ ಬಳಕೆಗೆ ಅಲ್ಲ’ ಎಂಬರ್ಥದ ಸಾಲನ್ನು ಅಚ್ಚು ಹಾಕಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಹೇಳುತ್ತದೆ. ಅಂಗಡಿಯವರು ಬಾಯಲ್ಲಿ ಹೇಳುವುದಕ್ಕೂ ಚೀಟಿ ಹೇಳುವುದಕ್ಕೂ ಎಷ್ಟು ಅಂತರ ನೋಡಿ.

ಇವೆಲ್ಲಕ್ಕಿಂತ ಅಪಾಯದ್ದು ಹೆಸರು, ವಿವರ ಯಾವುದೂ ಇಲ್ಲದ ಪೊಟ್ಟಣದ ಪುಡಿ. ಅದರಲ್ಲಿ ಸ್ಟಿರಾಯ್ಡ್ ಬೆರೆಸಿದ್ದರೆ ಎರಡೇ ದಿನದಲ್ಲಿ ನೋವು ಮಾಯ, ಎರಡು ವರ್ಷದಲ್ಲಿ ಎಲುಬು ಟೊಳ್ಳು. ಸಕ್ಕರೆ ಕಾಯಿಲೆಯೂ ಬೆನ್ನು ಹತ್ತಬಹುದು.

ತಟ್ಟೆಯಲ್ಲಿ ಏನಿತ್ತು, ಏನಾಯಿತು?

ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ ಈ ಸೀಮೆಯ ಚಹರೆಯೇ ಬದಲಾಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಎರೆ ಹೊಲಗಳು ಭತ್ತದ ಗದ್ದೆಗಳಾದವು. ದಢೇಸುಗೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವೇ ನೆಲೆಯೂರಿತು. ಹಣ ಬಂತು, ಶಾಲೆ ಬಂತು, ಅದಕ್ಕೆ ಯಾರೂ ಬೇಸರಪಡಬೇಕಿಲ್ಲ. ಆದರೆ ಅನ್ನ ಹೆಚ್ಚಿದ ಹಾಗೆ ತಟ್ಟೆಯಿಂದ ಕೆಲವು ಸಂಗಾತಿಗಳು ಜಾರಿಹೋದವು.

ರೊಟ್ಟಿಯ ಜೊತೆ ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಕಾಳಿನ ಪಲ್ಯ, ಮೊಸರು ತಾವಾಗಿ ಬರುತ್ತಿದ್ದವು. ಬಿಳಿ ಅನ್ನಕ್ಕೆ ತೆಳು ಸಾರಿದ್ದರೆ ಸಾಕು, ಹೊಟ್ಟೆ ತುಂಬುತ್ತದೆ. ಎಲುಬಿಗೆ, ಸ್ನಾಯುವಿಗೆ ಸಿಗುವುದು ಮಾತ್ರ ಅಷ್ಟಕ್ಕಷ್ಟೇ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಸುಣ್ಣದ ಅಂಶ ಸುಮಾರು 10 ಮಿಲಿಗ್ರಾಂ. ಜೋಳದಲ್ಲೂ 30ನ್ನು ಮುಟ್ಟದು. ಸುಣ್ಣದ ಅಂಶ ಬರುತ್ತಿದ್ದದ್ದು ರೊಟ್ಟಿಯಿಂದಲ್ಲ, ರೊಟ್ಟಿಯ ಸಂಗಾತಿಗಳಿಂದ!

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ದೊಡ್ಡ ಲೋಟ ಹಾಲು ಅಥವಾ ಅಷ್ಟೇ ಮೊಸರಿನಲ್ಲಿ ಸುಮಾರು 300 ಮಿಲಿಗ್ರಾಂ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ 350ರ ಆಸುಪಾಸು. ಎಳ್ಳಿನಲ್ಲಿ 1000ಕ್ಕೂ ಹೆಚ್ಚು. ಎಳ್ಳನ್ನು ಯಾರೂ ಮುಷ್ಟಿಗಟ್ಟಲೆ ತಿನ್ನುವುದಿಲ್ಲ, ಅದರ ಕ್ಯಾಲ್ಸಿಯಂ ಪೂರ್ತಿಯಾಗಿ ಮೈಗೆ ಹತ್ತುವುದೂ ಇಲ್ಲ. ಆದರೂ ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ವರ್ಷಕ್ಕೊಮ್ಮೆಯೇ ಏಕಾಗಬೇಕು?

ಇನ್ನು ಪ್ರೋಟೀನು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕೆಂದು ಅದೇ ಮಂಡಳಿ ಹೇಳುತ್ತದೆ. ಅಂದರೆ 50 ಕಿಲೋ ತೂಗುವ ಅಜ್ಜಿಗೆ ಸುಮಾರು 42 ಗ್ರಾಂ. ಹಲ್ಲಿಲ್ಲವೆಂದು ಅಜ್ಜಿ ಬರೀ ಅನ್ನ ಸಾರು ಉಂಡರೆ ಇಷ್ಟು ಸಿಗುವುದು ಕಷ್ಟ. ಮೆತ್ತಗೆ ಬೇಯಿಸಿದ ತೊಗರಿಬೇಳೆ, ಹೆಸರುಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಸೇರಿಸಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಹೆಚ್ಚಿಸಬೇಕು.

ಒಂದು ಮಾತು ಸ್ಪಷ್ಟವಿರಲಿ. ಸವೆದ ಮೃದ್ವಸ್ಥಿಯನ್ನು ಯಾವ ಊಟವೂ ಮರಳಿ ಬೆಳೆಸದು. ಆದರೆ ಕೀಲನ್ನು ಹಿಡಿದಿಡುವ ಎಲುಬು, ಸ್ನಾಯುಗಳನ್ನು ಊಟ ಗಟ್ಟಿ ಇಡುತ್ತದೆ. ಅಷ್ಟಾದರೂ ದೊಡ್ಡದೇ.

ನೀರನ್ನು ಮರೆಯಬೇಡಿ

ನಮ್ಮ ಭಾಗದಲ್ಲಿ ಕೀಲುನೋವಿನ ಮಾತು ನೀರಿನ ಪ್ರಸ್ತಾಪವಿಲ್ಲದೆ ಮುಗಿಯದು. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ನೆಲದಡಿಯ ಕಣಶಿಲೆಯಿಂದ ಕರಗಿ ನೀರಿಗೆ ಸೇರುವ ಈ ವಸ್ತುವಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಸಾಂದ್ರವಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆದೀತು ಎಂಬುದು ಭಾರತೀಯ ಮಾನಕ.

ಇಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಕತ್ತು, ಬೆನ್ನು, ಮೊಣಕಾಲು ಬಿಗಿಯುತ್ತವೆ. ಭಾರತದಲ್ಲಿ ಈ ರೋಗವನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿದ್ದ ತೆಲುಗು ಸೀಮೆಯಲ್ಲಿ. ಗುರುತಿಸುವ ಸರಳ ದಾರಿಗಳಿವೆ. ಗದ್ದವನ್ನು ಎದೆಗೆ ಮುಟ್ಟಿಸಲು ಬರುತ್ತದೆಯೇ? ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲಾಗುತ್ತದೆಯೇ? ಎರಡೂ ಕೈ ಎತ್ತಿ ತಲೆಯ ಹಿಂದೆ ಒಯ್ಯಲಾಗುತ್ತದೆಯೇ? ಆಗದಿದ್ದರೆ ಅದು ಫ್ಲೋರೋಸಿಸ್ಸೇ ಎಂದು ತೀರ್ಮಾನಿಸಬೇಡಿ, ವೈದ್ಯರಿಗೆ ತೋರಿಸಿ. ಜೊತೆಗೆ ಮನೆಯ ಮಕ್ಕಳ ಹಲ್ಲು ನೋಡಿ. ಹೊಸ ಹಲ್ಲಿನಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ, ಕಂದು ಕಲೆ ಇದ್ದರೆ ನೀರಿನ ಮೇಲೆ ಅನುಮಾನ ಪಡಲು ಕಾರಣವಿದೆ. ಅಜ್ಜಿಯ ಮೊಣಕಾಲಿನ ಸುಳಿವು ಮೊಮ್ಮಗಳ ನಗುವಿನಲ್ಲಿ ಇರಬಹುದು!

ಫ್ಲೋರೋಸಿಸ್ ಎಲುಬಿಗೆ ಇಳಿದ ಮೇಲೆ ವಾಸಿ ಮಾಡುವ ಮಾತ್ರೆಯಿಲ್ಲ. ಸುರಕ್ಷಿತ ನೀರಿಗೆ ಬದಲಾಗುವುದೇ ಮೊದಲ ಮದ್ದು. ಹಾಲು ಮೊಸರಿನ ಕ್ಯಾಲ್ಸಿಯಂ, ನೆಲ್ಲಿಕಾಯಿ, ಪೇರಲ, ನಿಂಬೆಯ ‘ಸಿ’ ಜೀವಸತ್ವ ಅದಕ್ಕೆ ಒತ್ತಾಸೆ. ಹುಣಸೆಹಣ್ಣು ತಿಂದ ಶಾಲಾ ಹುಡುಗರ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋದದ್ದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ವರದಿ ಮಾಡಿದ್ದಾರೆ. ಅದು ಚಿಕ್ಕ ಅಧ್ಯಯನ. ಹುಳಿಸಾರು ಉಣ್ಣಿ, ಅದನ್ನೇ ನೆಚ್ಚಿ ಕೆಟ್ಟ ನೀರು ಕುಡಿಯಬೇಡಿ.

ಈ ವಾರವೇ ಮಾಡಬಹುದಾದದ್ದು

ಬಾಟಲಿಯಲ್ಲಿ ನೀರು ಹಿಡಿದು ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷೆಗೆ ಕೇಳಿ. ವಿಜ್ಞಾನ ಶಿಕ್ಷಕರ ನೆರವಿದ್ದರೆ ಇದು ಒಳ್ಳೆಯ ಶಾಲಾ ಯೋಜನೆಯೂ ಆದೀತು.

ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ, ಒಂದು ಕಾಲನ್ನು ನೇರ ಚಾಚಿ ಹತ್ತು ಎಣಿಸುವವರೆಗೆ ಹಿಡಿಯಲು ಹೇಳಿ. ಆಮೇಲೆ ಇನ್ನೊಂದು ಕಾಲು. ಒಂದೊಂದಕ್ಕೆ ಹತ್ತು ಸಲ, ದಿನಕ್ಕೆರಡು ಬಾರಿ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿಗೆ ಆಸರೆ. ಕುಕ್ಕರಗಾಲಿನ ಕೆಲಸಕ್ಕೆ ಎತ್ತರದ ಮಣೆ ಕೊಡಿ.

ಕೀಲು ಕೆಂಪಾಗಿ, ಬಿಸಿಯಾಗಿ ಬಾತು ಜ್ವರ ಬಂದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ, ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ಅದು ವಯಸ್ಸಿನ ಸವೆತವಲ್ಲ, ಬೇರೆಯೇ ಕಾಯಿಲೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು.

ಕೊನೆಗೆ ವಿದ್ಯಾರ್ಥಿಗಳಿಗೇ ಒಂದು ಮಾತು. ಎಲುಬಿನ ಗಂಟು ಕಟ್ಟುವುದು ಮೂವತ್ತರೊಳಗೆ, ಆಮೇಲಿನದೆಲ್ಲ ಅದರ ಖರ್ಚು. ಅಜ್ಜಿಗೆಂದು ಹೆಪ್ಪು ಹಾಕಿದ ಮೊಸರಿನಲ್ಲಿ ನಿಮ್ಮ ಪಾಲೂ ಇದೆ. ಮುಂದಿನ ಸಲ ಆಕೆ ‘ವಯಸ್ಸಾತಲ್ಲಪ’ ಎಂದಾಗ ಸುಮ್ಮನೆ ತಲೆಯಾಡಿಸಬೇಡಿ. ‘ಇರಲಿ ಅಜ್ಜಿ, ಮೊದಲು ನೀರು ನೋಡಿಸೂಣು, ಆಮ್ಯಾಗ ಊಟ ನೋಡೂಣು’ ಎನ್ನಿ. ಡಬ್ಬಿಯ ಮಾತು ಅದಾದ ಮೇಲೆ.