ಮತ್ತಿಮರದ ಬೆಳಕು, ಚಿಪ್ಪಿನ ಕಿಟಕಿ

ಅನಮೋಡ್ ಘಟ್ಟ ಇಳಿದು ಗೋವೆಯ ಮೊಲೆಂ ಸೇರುವಾಗ ಮತ್ತಿಮರಗಳತ್ತ ಒಮ್ಮೆ ಕತ್ತೆತ್ತಿ ನೋಡಿ. ಮಳೆ ಹಿಡಿಯುವ ಹೊತ್ತಿಗೆ ಕೊಂಬೆಯಿಂದ ಸೀತಾಳೆ ದಂಡೆ ಎಂಬ ಆರ್ಕಿಡ್ ಜೋತಾಡುತ್ತಿರುತ್ತದೆ. ಬಿಳಿ ಎಸಳು, ನೇರಳೆ ಚುಕ್ಕಿ, ಒಂದೇ ಗೊಂಚಲಲ್ಲಿ ಎಣಿಸಲಾಗದಷ್ಟು ಹೂ! ಮಣ್ಣಿನ ಹಂಗೇ ಇಲ್ಲ. ಬೇರು ತೊಗಟೆ ತಬ್ಬಿದೆ, ಎಲೆ ಬೆಳಕು ಕುಡಿಯುತ್ತಿದೆ. ಎಂಥ ಬೆಳಕು ಅದು! ಬಯಲಲ್ಲಿ ನಡುಹಗಲಿನ ಬಿಸಿಲು 1 ಲಕ್ಷ ಲಕ್ಸ್ ಮುಟ್ಟುತ್ತದೆ. ಇಲ್ಲಿ ಅದು ಎಲೆಯಿಂದ ಎಲೆಗೆ ಚೆದುರಿ, ಉರಿ ಕಳೆದುಕೊಂಡು, ಎಲ್ಲ ದಿಕ್ಕಿನಿಂದಲೂ ಮೆತ್ತಗೆ ಇಳಿಯುತ್ತದೆ.

ನರ್ಸರಿಯಿಂದ ತಂದ ಆರ್ಕಿಡ್‌ಗೆ ಮನೆಯೊಳಗೆ ಈ ಬೆಳಕು ಎಲ್ಲಿಂದ ಬರಬೇಕು? ತಿಳಿಗಾಜು ಬೆಳಕನ್ನು ಹೆಚ್ಚು ತಿನ್ನುವುದಿಲ್ಲ, ಶೇ. 90ರಷ್ಟು ಒಳಗೆ ಬಿಡುತ್ತದೆ. ಆದರೆ ಚೆದುರಿಸುವುದಿಲ್ಲ. ನೇರ ಬಿಸಿಲು ಹಾಗೇ ನುಗ್ಗುತ್ತದೆ, ಗಾಳಿಯಾಡದ ಕಡೆ ಎಲೆ ಕಾದು ಕಂದುಬೊಕ್ಕೆ ಏಳುತ್ತದೆ. ಹೆದರಿ ಕುಂಡವನ್ನು ಕೋಣೆಯ ಒಳಕ್ಕೆ ಸರಿಸಿದರೆ ಕತ್ತಲೆ; ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಗಿಡ ಹಸಿಯುತ್ತದೆ.

ಇದಕ್ಕೆ ಉತ್ತರ ಗೋವೆಯ ಹಳೆಯ ಮನೆಗಳಲ್ಲೇ ಇದೆ! ಅಲ್ಲಿನ ಕಿಟಕಿಗೆ ಗಾಜಿಲ್ಲ, ಸಮುದ್ರದ ಚಿಪ್ಪಿದೆ. ಅಂಗೈಯಗಲದ ಚಪ್ಪಟೆ ಚಿಪ್ಪನ್ನು ಚೌಕ ಕತ್ತರಿಸಿ, ಮರದ ಪಟ್ಟಿಗಳ ತೋಡಿನೊಳಗೆ ಸಾಲಾಗಿ ತೂರಿಸಿದ್ದಾರೆ. ಅಭ್ರಕದ ಹಾಗೆ ಪದರ ಪದರ. ಶೇ. 99ರಷ್ಟು ಕ್ಯಾಲ್ಸೈಟ್, ಅಂದರೆ ಸುಣ್ಣದ ಕಲ್ಲೇ! ಆದರೂ ಕಾಣುವ ಬೆಳಕಿನಲ್ಲಿ ಶೇ. 80ರಷ್ಟು ದಾಟಿಬರುತ್ತದೆ ಎಂದು ಅಮೆರಿಕದ ಎಂಐಟಿಯ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಬಂದ ಬೆಳಕು ಹಾಲಿನಂತೆ ಹರಡಿಕೊಳ್ಳುತ್ತದೆ. ಎಲೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ: ತಿಳಿಗಾಜಿನ ಬಿಸಿಲಲ್ಲಿ ಬೆರಳಿನ ನೆರಳು ಕತ್ತರಿಸಿಟ್ಟಂತೆ ಬೀಳುತ್ತದೆ, ಚಿಪ್ಪಿನ ಹಿಂದೆ ಅದಕ್ಕೆ ಅಂಚೇ ಇರುವುದಿಲ್ಲ. ಮತ್ತಿಮರದಡಿಯ ಬೆಳಕೇ ಇದು!

ಆ ಚಿಪ್ಪಿನ ಜೀವಿಗೆ ಈಗ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಅದನ್ನು ಕೀಳುವ ಮಾತೇ ಬೇಡ. ಮಂಜುಗಾಜು ಅಥವಾ ತೆಳು ಬಿಳಿ ಪರದೆ ಸಾಕು.

ಇನ್ನೊಂದು ಬೆರಗು ಬೇರಿನಲ್ಲಿದೆ. ನೀರು ಚಿಮುಕಿಸಿ ನೋಡಿ, ಬೂದುಬೇರು ಕಣ್ಣೆದುರೇ ಹಸಿರಾಗುತ್ತದೆ. ಆರ್ಕಿಡ್ ಬೇರೂ ಬೆಳಕಿನಿಂದ ಅಡುಗೆ ಮಾಡಬಲ್ಲದು! ಹೊರಗಿನ ಬಿಸಿಲಲ್ಲಿ ಯುವಿ-ಬಿ ಎಂಬ ಅತಿನೇರಳೆ ಕಿರಣ ತಾಗಿದಾಗ ಎಳೆಬೇರಿನ ಸ್ಪಂಜಿನಂಥ ಹೊದಿಕೆ ಅದನ್ನು ಹೀರುವ ವಸ್ತುಗಳನ್ನು ತುಂಬಿಕೊಳ್ಳುತ್ತದೆ. ಕಿಟಕಿಗಾಜು ಈ ಕಿರಣವನ್ನು ಬಹುಪಾಲು ತಡೆದುಬಿಡುತ್ತದೆ. ಹಾಗಾಗಿ ಗಾಜಿನ ಹಿಂದೆ ಬೆಳೆದ ಗಿಡವನ್ನು ಅಂಗಳಕ್ಕೆ ತರುವುದಾದರೆ ಮೊದಲು ನೆರಳು, ಆಮೇಲೆ ಎಳೆಬಿಸಿಲು, ವಾರ ಕಳೆದಂತೆ ಇನ್ನಷ್ಟು.